ಕೈಗೆ ಪಾಠ ಹೇಳುವ ಯಂತ್ರ

ರಾಯಬಾಗ ತಾಲೂಕಿನ ಯಾವುದಾದರೊಂದು ಹಳ್ಳಿಗೆ ಬೆಳಗಿನ ಹೊತ್ತು ಹೋಗಿ ನೋಡಿರಿ. ಪಶುವೈದ್ಯರು ಬಂದಿರುವ ಮನೆಯ ಮುಂದೆ ನಾಲ್ಕು ಜನ ನೆರೆದಿರುತ್ತಾರೆ. ಗೂಟಕ್ಕೆ ಬಿಗಿಯಾಗಿ ಕಟ್ಟಿದ ಎಮ್ಮೆ. ಅದರ ಹಿಂದೆ ಭುಜದವರೆಗೂ ಕೈಗವಸು ಏರಿಸಿಕೊಂಡು ನಿಂತ ವೈದ್ಯರು. ಎಮ್ಮೆಯ ಗುದದ್ವಾರದಲ್ಲಿ ಮೊಳಕೈ ಮುಳುಗುವಷ್ಟು ಕೈ ಇಳಿಸಿ, ಕಣ್ಣನ್ನು ಅರೆ ಮುಚ್ಚಿ, ಅವರು ಏನನ್ನೋ ಹುಡುಕುತ್ತಿರುತ್ತಾರೆ. ಮನೆಯ ಹಿರಿಯ ಹೆಂಗಸಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಎಲ್ಲಿಂದ ಬರಬೇಕು?

“ಏನಾತ್ರಿ ಸಾಹೇಬ್ರ? ಗಬ್ಬ ಐತೋ ಇಲ್ಲೋ?”

“ತಡೀರಿ ಆಯಿ, ಕೈಗೆ ಸಿಗಬೇಕಲ್ಲ.”

ಮತ್ತೆ ಅರ್ಧ ನಿಮಿಷ. ಆಮೇಲೆ ವೈದ್ಯರ ಮುಖ ಸಡಿಲವಾಗುತ್ತದೆ. “ಐತ್ರಿ. ಮೂರು ತಿಂಗಳ ದಾಟೇತಿ.”

ಪಟ್ಟಣದಲ್ಲಿ ಹಾಲನ್ನು ಚೀಲದಲ್ಲಿ ಕೊಳ್ಳುವ ನಮಗೆ ಆ ಎರಡು ಮಾತಿನ ಬೆಲೆ ಸುಲಭವಾಗಿ ತಿಳಿಯದು. ಎಮ್ಮೆ ಗಬ್ಬ ನಿಂತು ಈಯಬೇಕಾದರೆ ಹತ್ತು ತಿಂಗಳು ಬೇಕು. ಗಬ್ಬ ನಿಲ್ಲದಿದ್ದರೆ ಸುಮಾರು ಇಪ್ಪತ್ತೊಂದು ದಿನಕ್ಕೊಮ್ಮೆ ಅದು ಬೆದೆಗೆ ಬರುತ್ತದೆ. ಗಬ್ಬವೆಂದು ತಪ್ಪಾಗಿ ನಂಬಿದ ರೈತನು ಒಂದಾದ ಮೇಲೊಂದು ಬೆದೆಯನ್ನು ಕಳೆದುಕೊಂಡು, ಬತ್ತಿದ ಕೆಚ್ಚಲಿನ ಪ್ರಾಣಿಗೆ ಮೇವು ಹಾಕುತ್ತಲೇ ಇರುತ್ತಾನೆ. ಗಬ್ಬವಿಲ್ಲವೆಂದು ತಪ್ಪಾಗಿ ನಂಬಿದವನು ಒಳ್ಳೆಯ ಎಮ್ಮೆಯನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಾನೆ. ಒಂದು ಸಂಸಾರದ ಒಂದು ವರ್ಷದ ಲೆಕ್ಕವೆಲ್ಲ ವೈದ್ಯರ ಐದು ಬೆರಳುಗಳ ತುದಿಯಲ್ಲಿ ನಿಂತಿರುತ್ತದೆ.

ಈಗ ಆ ವೈದ್ಯರ ಬದಿಯಲ್ಲಿ ಕಲಿಯಲು ಬಂದ ವಿದ್ಯಾರ್ಥಿಯೊಬ್ಬನೂ ಇದ್ದಾನೆಂದು ಭಾವಿಸಿರಿ. “ನೀನೂ ಒಮ್ಮೆ ನೋಡು” ಎಂದು ಗುರುಗಳು ಹೇಳುತ್ತಾರೆ. ಅವನು ಕೈ ಇಳಿಸುತ್ತಾನೆ. ಅವನಿಗೆ ತಿಳಿಯುವುದು ಬಿಸಿ, ಬಿಗಿತ, ಸಗಣಿ — ಇಷ್ಟೇ. “ಗರ್ಭಕೋಶ ಸಿಕ್ಕಿತೇ?” ಎಂದರೆ ಏನು ಹೇಳಬೇಕು? ಅವನ ಕೈ ಎಲ್ಲಿದೆಯೆಂದು ಗುರುಗಳಿಗೆ ಕಾಣುವುದಿಲ್ಲ. ಗುರುಗಳ ಕೈಗೆ ಏನು ತಿಳಿಯಿತೆಂದು ಅವನಿಗೆ ಗೊತ್ತಿಲ್ಲ. ಎಮ್ಮೆಯಂತೂ ಬಾಯಿಲ್ಲದ ಪ್ರಾಣಿ. ಅವನು ಒರಟಾಗಿ ಒತ್ತಿದರೆ ಅದಕ್ಕೆ ನೋವು. ಕಾಯುತ್ತಾ ನಿಂತರೆ ಅದಕ್ಕೆ ಹಿಂಸೆ. ಹೀಗೆ ನೂರಾರು ಪ್ರಾಣಿಗಳ ಮೇಲೆ ಕೈ ಆಡಿಸಿದ ಮೇಲೆ ಎಂದೋ ಒಂದು ದಿನ ಅವನಿಗೆ “ಸಿಕ್ಕಿತು” ಎಂಬ ಅರಿವು ಮೂಡಬೇಕು.

ಕಲಿಯುವವನ ಮೊದಲ ತಪ್ಪು ಯಾರ ಮೈಮೇಲೆ ಬೀಳಬೇಕು? ಪಶುವೈದ್ಯನ ವಿಷಯದಲ್ಲಿ ಕೇಳಿದ ಈ ಪ್ರಶ್ನೆಯನ್ನು ಮನುಷ್ಯ ವೈದ್ಯನ ವಿಷಯದಲ್ಲಿ, ವಿಮಾನ ಚಾಲಕನ ವಿಷಯದಲ್ಲಿ ಕೇಳಿದರೂ ಅದು ಅಷ್ಟೇ ಕಠಿನ. ಅದಕ್ಕೆ ವಿಜ್ಞಾನವು ಹುಡುಕಿಕೊಂಡಿರುವ ಉತ್ತರವೊಂದರ ಕಥೆ ಇಲ್ಲಿದೆ.

ಕೈಯ ವಿದ್ಯೆ

ನಮ್ಮ ಭಾಷೆ ಕೈಯನ್ನು ಬಹಳ ಗೌರವದಿಂದ ಕಂಡಿದೆ. ವೈದ್ಯನಿಗೆ ಕೈಗುಣ ಇರಬೇಕೆನ್ನುತ್ತೇವೆ. ನುರಿತ ಕೆಲಸಗಾರನದು ಪಳಗಿದ ಕೈ ಎನ್ನುತ್ತೇವೆ. ಚಿನಿವಾರನು ಒಡವೆಯನ್ನು ಅಂಗೈಯಲ್ಲಿ ಇಟ್ಟುಕೊಂಡೇ ತೂಕ ಹೇಳುತ್ತಾನೆ. ಕಬ್ಬಿನ ನಾಡಾದ ರಾಯಬಾಗದ ಬೆಲ್ಲದ ಗಾಣಗಳಲ್ಲಿ ಕೊಪ್ಪರಿಗೆಯ ಮುಂದೆ ನಿಂತ ಹಿರಿಯನನ್ನು ನೋಡಿದವರು ಇದನ್ನು ಬಲ್ಲರು. ಕುದಿಯುವ ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಎರಡು ಬೆರಳುಗಳ ನಡುವೆ ಉಂಡೆ ಕಟ್ಟಿ ನೋಡುತ್ತಾನೆ. ಹದ ಬಂದಿತೆಂದರೆ ಬಂದಿತು. ಆ ಹದವನ್ನು ಪುಸ್ತಕದಲ್ಲಿ ಬರೆದುಕೊಡು ಎಂದರೆ ಅವನು ನಕ್ಕಾನು.

ಕಣ್ಣಿನ ವಿದ್ಯೆಯನ್ನು ಚಿತ್ರದಲ್ಲಿ ತೋರಿಸಬಹುದು, ಕಿವಿಯ ವಿದ್ಯೆಯನ್ನು ಧ್ವನಿಮುದ್ರಣ ಮಾಡಬಹುದು. ಕೈಯ ವಿದ್ಯೆಯನ್ನು ಮಾತ್ರ ಕೈಯೇ ಕಲಿಯಬೇಕು. ಚರ್ಮದಲ್ಲಿ ಒತ್ತಡವನ್ನರಿಯುವ, ಜಾರುವಿಕೆಯನ್ನರಿಯುವ, ಕಂಪನವನ್ನರಿಯುವ ಬೇರೆ ಬೇರೆ ಗ್ರಾಹಕಗಳಿವೆ. ಸ್ನಾಯು ಮತ್ತು ಕೀಲುಗಳಲ್ಲಿ ತೋಳಿನ ನಿಲವನ್ನೂ ಭಾರವನ್ನೂ ತಿಳಿಸುವ ಬೇರೆ ತಂತುಗಳಿವೆ. ಒತ್ತಡವು ಜೀವಕೋಶದಲ್ಲಿ ವಿದ್ಯುತ್ ಸಂಕೇತವಾಗಿ ಮಾರ್ಪಡುವುದು ಯಾವ ಪ್ರೋಟೀನಿನಿಂದ ಎಂಬುದನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್‌ರಿಗೆ ನೊಬೆಲ್ ಪಾರಿತೋಷಕ ದೊರೆತದ್ದು 2021ರಲ್ಲಿ. ಶಾಖದ ಅರಿವಿನ ರಹಸ್ಯವನ್ನು ಬಿಡಿಸಿದ ಡೇವಿಡ್ ಜೂಲಿಯಸ್‌ರು ಅದನ್ನು ಹಂಚಿಕೊಂಡರು. ಹುಟ್ಟಿದ ಕೂಸು ಕೂಡ ಬಲ್ಲ ಸ್ಪರ್ಶದ ಈ ಗುಟ್ಟು ವಿಜ್ಞಾನಿಗಳಿಗೆ ಬಿಟ್ಟುಕೊಟ್ಟದ್ದು ಇಷ್ಟು ತಡವಾಗಿ!

ಆರ್ಗನ್ ಕಾರಖಾನೆಯಲ್ಲಿ ಹುಟ್ಟಿದ ವಿಮಾನ

ನಿಜವಾದ ಅಪಾಯವಿಲ್ಲದೆ ನಿಜವಾದ ಕೆಲಸವನ್ನು ಕಲಿಸುವ ಯಂತ್ರವನ್ನು ಮೊದಲು ಯಶಸ್ವಿಯಾಗಿ ಕಟ್ಟಿದವನು ಅಮೆರಿಕದ ಎಡ್ವಿನ್ ಲಿಂಕ್. ಅವನ ತಂದೆಗೆ ನ್ಯೂಯಾರ್ಕ್ ಸಂಸ್ಥಾನದ ಬಿಂಗಮ್‌ಟನ್ನಿನಲ್ಲಿ ಪಿಯಾನೋ ಮತ್ತು ಆರ್ಗನ್ ತಯಾರಿಸುವ ಕಾರಖಾನೆಯಿತ್ತು. ಆರ್ಗನ್ನಿಗೆ ಗಾಳಿ ಊದುವ ತಿದಿಗಳನ್ನು — ನಮ್ಮ ಹಾರ್ಮೋನಿಯಮ್ಮಿನ ತಿದಿಯ ದೊಡ್ಡಣ್ಣಂದಿರನ್ನು — ಕೂಡಿಸಿ ಅವನು 1929ರಲ್ಲಿ ಪುಟ್ಟ ವಿಮಾನದ ಆಕಾರದ ಪೆಟ್ಟಿಗೆಯೊಂದನ್ನು ಮಾಡಿದ. ಒಳಗೆ ಕುಳಿತವನು ದಂಡವನ್ನು ಎಳೆದರೆ ಪೆಟ್ಟಿಗೆ ಮೂತಿ ಎತ್ತುವುದು, ಓರೆ ಮಾಡಿದರೆ ಓರೆಯಾಗುವುದು. ಜನ ಅದನ್ನು ಜಾತ್ರೆಯ ಆಟಿಕೆಯೆಂದು ಬಗೆದರು; ಮನರಂಜನೆಯ ಉದ್ಯಾನಗಳೇ ಅದರ ಮೊದಲ ಗಿರಾಕಿಗಳಾದವು.

1934ರಲ್ಲಿ ಅಮೆರಿಕದ ಸೈನ್ಯಕ್ಕೆ ವಿಮಾನದಲ್ಲಿ ಅಂಚೆ ಸಾಗಿಸುವ ಹೊಣೆ ಬಿದ್ದಿತು. ಮಂಜಿನಲ್ಲಿ, ಕತ್ತಲಲ್ಲಿ ಉಪಕರಣ ನೋಡಿ ಹಾರುವ ಅಭ್ಯಾಸವಿಲ್ಲದ ಯುವಕರು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ಆಗ ಸೈನ್ಯವು ಲಿಂಕನ ಆಟಿಕೆಯನ್ನು ನೆನಪು ಮಾಡಿಕೊಂಡು ಆರು ಪೆಟ್ಟಿಗೆಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಲಕ್ಷಾಂತರ ಚಾಲಕರು ಅದರಲ್ಲಿ ಕುಳಿತು ಕಲಿತಿದ್ದರು. ಒಂದು ಯಂತ್ರವು ಆಟಿಕೆಯ ಪಟ್ಟಿಯಿಂದ ಅವಶ್ಯಕತೆಯ ಪಟ್ಟಿಗೆ ಏರಬೇಕಾದರೆ ಅಷ್ಟು ಎಳೆಯ ಜೀವಗಳು ಹೋಗಬೇಕಾಯಿತೆಂಬುದು ವಿಷಾದದ ಮಾತು.

ಇಂದು ವಿಮಾನ ಚಾಲಕನು ತರಬೇತಿಯ ಬಹುಭಾಗವನ್ನು ನೆಲದ ಮೇಲೆಯೇ ಮುಗಿಸುತ್ತಾನೆ. ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಮತ್ತು ಕೆನಡಾದ ಸಿ.ಎ.ಇ. ಸಂಸ್ಥೆ ಕೂಡಿ 2010ರಲ್ಲಿ ಆರಂಭಿಸಿದ ‘ಹ್ಯಾಟ್ಸಾಫ್’ ಎಂಬ ಹೆಲಿಕಾಪ್ಟರ್ ಶಿಕ್ಷಣ ಕೇಂದ್ರದಲ್ಲಿ ನಮ್ಮ ದೇಶದ್ದೇ ಆದ ಧ್ರುವ ಹೆಲಿಕಾಪ್ಟರನ್ನು ಕೂಡ ಹೀಗೆ ನೆಲ ಬಿಡದೆ ಹಾರಿಸಬಹುದು. ಇಂಥ ಯಂತ್ರಗಳಲ್ಲಿ ಮುಂದಿನ ದೃಶ್ಯ ಮಾತ್ರವಲ್ಲ, ಹಿಡಿದ ದಂಡದ ಬಿಗಿತವೂ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ. ಅಂದರೆ ಯಂತ್ರವು ಕಣ್ಣಿನೊಡನೆ ಕೈಗೂ ಮಾತನಾಡುತ್ತದೆ.

ಹೊಸ ಮಯಸಭೆ

ಮಹಾಭಾರತದ ಮಯಸಭೆಯ ಕಥೆ ಯಾರಿಗೆ ಗೊತ್ತಿಲ್ಲ? ದುರ್ಯೋಧನನು ಸ್ಫಟಿಕದ ನೆಲವನ್ನು ಕೊಳವೆಂದು ಬಗೆದು ಬಟ್ಟೆ ಎತ್ತಿಕೊಂಡ. ಕೊಳವನ್ನು ನೆಲವೆಂದು ನಂಬಿ ನೀರಿಗೆ ಬಿದ್ದ. ಮಯನು ಅವನ ಕಣ್ಣನ್ನು ಮಾತ್ರ ಮೋಸಗೊಳಿಸಿದ್ದ. ಕಾಲಿಟ್ಟ ಕೂಡಲೆ ನೀರು ನೀರೇ, ನೆಲ ನೆಲವೇ ಆಗಿ ಮಾಯೆ ಹರಿಯಿತು. ಸ್ಪರ್ಶವು ಎಂದಿಗೂ ಮಾಯೆಯ ಶತ್ರು.

ಇಪ್ಪತ್ತನೆಯ ಶತಮಾನದ ಮಯರು ಮೊದಲು ಕಣ್ಣಿನ ಕೆಲಸವನ್ನೇ ಕೈಗೆತ್ತಿಕೊಂಡರು. ಅಮೆರಿಕದ ಐವಾನ್ ಸದರ್ಲೆಂಡ್ ಎಂಬವರು 1968ರಲ್ಲಿ ತಲೆಗೆ ತೊಡಿಸುವ ದೃಶ್ಯಯಂತ್ರವೊಂದನ್ನು ತೋರಿಸಿದರು. ತಲೆ ತಿರುಗಿಸಿದಂತೆ ಕಣ್ಣ ಮುಂದಿನ ಗೆರೆಚಿತ್ರವೂ ತಿರುಗುತ್ತಿತ್ತು. ಯಂತ್ರವೇನೋ ಬಹಳ ಭಾರ. ಅದನ್ನು ಚಾವಣಿಗೆ ತೂಗುಹಾಕಬೇಕಾಗಿತ್ತು. ಅದೇ ಇಂದು ಕನ್ನಡಕದಂತೆ ಧರಿಸುವ ವರ್ಚುವಲ್ ರಿಯಾಲಿಟಿ ಸಾಧನವಾಗಿ, ಮಕ್ಕಳ ಆಟದ ಅಂಗಡಿಗೂ ಬಂದಿದೆ. ಆದರೆ ಅಷ್ಟನ್ನೇ ಧರಿಸಿದವನು ಎದುರಿಗೆ ಕಂಡ ಮೇಜನ್ನು ಮುಟ್ಟಲು ಹೋದರೆ ಅವನ ಕೈ ಗಾಳಿಯಲ್ಲಿ ತೂರಿ ಹೋಗುತ್ತದೆ, ಮಯಸಭೆ ಕುಸಿಯುತ್ತದೆ.

ಕೈಯ ಕೆಲಸ ಬೇರೆಯೇ ದಾರಿಯಲ್ಲಿ ಬೆಳೆಯುತ್ತಿತ್ತು. ಶಿಕಾಗೋ ಸಮೀಪದ ಆರ್ಗಾನ್ ಪ್ರಯೋಗಾಲಯದಲ್ಲಿ ವಿಕಿರಣ ಸೂಸುವ ವಸ್ತುಗಳನ್ನು ದೂರದಿಂದ ಹಿಡಿಯಬೇಕಾಗಿತ್ತು. ಅದಕ್ಕಾಗಿ ರೇಮಂಡ್ ಗೋರ್ಟ್ಸ್ ಎಂಬವರು 1950ರ ದಶಕದಲ್ಲಿ ವಿದ್ಯುತ್ತಿನ ಯಾಂತ್ರಿಕ ತೋಳುಗಳನ್ನು ನಿರ್ಮಿಸಿದರು. ಗೋಡೆಯಾಚೆಯ ತೋಳಿಗೆ ಏನಾದರೂ ತಾಗಿದರೆ ಈಚೆಯ ಹಿಡಿಕೆಯೂ ಕೈಯನ್ನು ತಡೆಯುತ್ತಿತ್ತು. ಆಚೆಯ ತೋಳಿನ ಬದಲು ಕೇವಲ ಲೆಕ್ಕವೊಂದನ್ನು ಇಟ್ಟರೆ? ಇಲ್ಲದ ವಸ್ತುವೇ ಕೈಯನ್ನು ತಡೆದರೆ? ಈ ಆಲೋಚನೆಯು ಮೇಜಿನ ಮೇಲಿಡುವ ಒಂದು ಚಿಕ್ಕ ಸಾಧನವಾಗಿ ರೂಪುಗೊಂಡದ್ದು 1993ರ ಸುಮಾರಿಗೆ, ಎಂ.ಐ.ಟಿ.ಯಲ್ಲಿ. ಥಾಮಸ್ ಮ್ಯಾಸಿ ಎಂಬ ವಿದ್ಯಾರ್ಥಿಯೂ ಅವನ ಗುರು ಕೆನೆತ್ ಸ್ಯಾಲಿಸ್ಬರಿಯವರೂ ಅದಕ್ಕೆ ‘ಫ್ಯಾಂಟಮ್’ ಎಂದು ಹೆಸರಿಟ್ಟರು.

ಇಲ್ಲದ ಗೋಡೆ ತಡೆಯುವುದು ಹೇಗೆ?

ತತ್ತ್ವ ಬಹಳ ಸರಳವಾದುದು. ಕೀಲುಗಳಿರುವ ಒಂದು ಸಣ್ಣ ತೋಳಿನ ತುದಿಯಲ್ಲಿ ದರ್ಜಿಯ ಬೆರಳುಟೋಪಿಯಂಥದೊಂದಿದೆ. ಅದರಲ್ಲಿ ಬೆರಳಿಟ್ಟು ಗಾಳಿಯಲ್ಲಿ ಆಡಿಸಿರಿ; ಬೆರಳು ಎಲ್ಲಿದೆಯೆಂಬುದನ್ನು ಯಂತ್ರ ಅಳೆಯುತ್ತಲೇ ಇರುತ್ತದೆ. ‘ಇಲ್ಲಿ ಗೋಡೆಯಿದೆ’ ಎಂದು ಗಣಕಯಂತ್ರದಲ್ಲಿ ಮೊದಲೇ ಬರೆದಿಟ್ಟಿದೆ. ಬೆರಳು ಆ ಕಲ್ಪಿತ ಗೋಡೆಯೊಳಕ್ಕೆ ಕೂದಲೆಳೆಯಷ್ಟು ಹೋದರೂ ಯಂತ್ರದ ಮೋಟಾರುಗಳು ಅದನ್ನು ಹೊರಕ್ಕೆ ತಳ್ಳುತ್ತವೆ. ಹೆಚ್ಚು ಒಳಹೊಕ್ಕಷ್ಟೂ ಹೆಚ್ಚು ಬಲ. ಸ್ಪ್ರಿಂಗನ್ನು ಒತ್ತಿದ ಹಾಗೆ. ಸ್ಪ್ರಿಂಗು ಗಡುಸಾದರೆ ಎಲುಬು, ಮೆದುವಾದರೆ ಮಾಂಸ, ಒಳಗೆ ಜಾರುವಂತಿದ್ದರೆ ನೀರು ತುಂಬಿದ ಚೀಲ. ಎಲ್ಲವೂ ಒಂದೇ ಲೆಕ್ಕದ ಬೇರೆ ಬೇರೆ ಅಂಕಿಗಳು.

ತೊಡಕಿರುವುದು ವೇಗದಲ್ಲಿ. ಸಿನೆಮಾದಲ್ಲಿ ಕ್ಷಣಕ್ಕೆ 24 ಚಿತ್ರಗಳು ಓಡಿದರೆ ಕಣ್ಣು ಅದನ್ನು ಅಖಂಡ ಚಲನೆಯೆಂದು ಒಪ್ಪಿಕೊಳ್ಳುತ್ತದೆ. ಕೈ ಅಷ್ಟು ಸುಲಭವಾಗಿ ಒಪ್ಪುವ ಸಾಕ್ಷಿಯಲ್ಲ. ಗಡುಸಾದ ವಸ್ತುವೊಂದು ಗಡುಸಾಗಿಯೇ ತೋರಬೇಕಾದರೆ ಈ ಅಳತೆ, ಲೆಕ್ಕ, ತಳ್ಳುವಿಕೆಗಳೆಲ್ಲ ಕ್ಷಣಕ್ಕೆ ಸುಮಾರು ಸಾವಿರ ಬಾರಿ ನಡೆಯಬೇಕು. ಅದಕ್ಕಿಂತ ಬಹಳ ಕಡಿಮೆಯಾದರೆ ಗೋಡೆಯು ಗೋಡೆಯಂತಿರದೆ ದುಂಬಿಯಂತೆ ಗುಂಯ್‌ಗುಡತೊಡಗುತ್ತದೆ.

ಕಣ್ಣು, ಕೈಗಳನ್ನು ಕೂಡಿಸುವಲ್ಲಿ ಇನ್ನೊಂದು ಸೋಜಿಗವಿದೆ. 1964ರಲ್ಲಿ ಇರ್ವಿನ್ ರಾಕ್ ಮತ್ತು ಜಾಕ್ ವಿಕ್ಟರ್ ಎಂಬ ಮನಶ್ಶಾಸ್ತ್ರಜ್ಞರು ಚೌಕವನ್ನು ಆಯತದಂತೆ ತೋರಿಸುವ ಗಾಜಿನ ಮೂಲಕ ಜನರಿಗೆ ಒಂದು ಚೌಕವನ್ನು ತೋರಿಸುತ್ತ, ಅದನ್ನೇ ಕೈಯಿಂದ ಮುಟ್ಟಿಸಿದರು. ಕೈಯಲ್ಲಿ ಇದ್ದದ್ದು ಚೌಕ; ಆದರೂ ಬಹುಮಂದಿಗೆ ಅದು ಕಣ್ಣಿಗೆ ಕಂಡ ಆಯತವೇ ಎನಿಸಿತು. ಮಿದುಳು ಎರಡು ಸಾಕ್ಷಿಗಳನ್ನೂ ಕೇಳಿ, ಆ ವಿಷಯದಲ್ಲಿ ಹೆಚ್ಚು ನಂಬಬಹುದಾದುದಕ್ಕೆ ಹೆಚ್ಚು ಬೆಲೆ ಕೊಡುತ್ತದೆಂದು ಆಮೇಲಿನ ಸಂಶೋಧನೆಗಳು ತಿಳಿಸಿವೆ. ಆದುದರಿಂದ ಯಂತ್ರದ ಸ್ಪರ್ಶ ತುಸು ಒರಟಾಗಿದ್ದರೂ ಒಳ್ಳೆಯ ದೃಶ್ಯವು ಅದನ್ನು ಮುಚ್ಚಿಕೊಳ್ಳಬಲ್ಲದು. ಆದರೆ ಇಬ್ಬರು ಸಾಕ್ಷಿಗಳ ಹೇಳಿಕೆ ಕಾಲದಲ್ಲಿ ಹೊಂದದಿದ್ದರೆ, ಕಂಡದ್ದು ಒಂದು ಕ್ಷಣ, ತಾಗಿದ್ದು ಇನ್ನೊಂದು ಕ್ಷಣವಾದರೆ, ಮಾಯೆ ಉಳಿಯುವುದಿಲ್ಲ.

ಗಾಜುನಾರಿನ ಹಸು

ಈಗ ನಮ್ಮ ಕೊಟ್ಟಿಗೆಗೆ ಹಿಂತಿರುಗೋಣ. ಆ ವಿದ್ಯಾರ್ಥಿಯ ಸಂಕಟವನ್ನು ಕಂಡು ಅದಕ್ಕೆ ಉಪಾಯ ಮಾಡಿದವರು ಸಾರಾ ಬೇಲಿ ಎಂಬ ಬ್ರಿಟಿಷ್ ಪಶುವೈದ್ಯೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಅವರು ‘ಹ್ಯಾಪ್ಟಿಕ್ ಹಸು’ವನ್ನು ನಿರ್ಮಿಸಿದರು. ಹ್ಯಾಪ್ಟಿಕ್ ಎಂದರೆ ಸ್ಪರ್ಶಕ್ಕೆ ಸಂಬಂಧಿಸಿದ್ದು. ಮೂಲ ಗ್ರೀಕ್ ಭಾಷೆಯದು.

ನೋಡುವುದಕ್ಕೆ ಅದು ಗಾಜುನಾರಿನಲ್ಲಿ ಎರಕ ಹೊಯ್ದ ಹಸುವಿನ ಹಿಂಭಾಗ, ಅಷ್ಟೆ. ಒಳಗೆ ಮಾಂಸವಿಲ್ಲ, ರಬ್ಬರಿನ ಗರ್ಭಕೋಶವೂ ಇಲ್ಲ. ಇರುವುದು ನಾವು ಈಗ ತಾನೆ ಕಂಡ ಫ್ಯಾಂಟಮ್ ಸಾಧನ. ವಿದ್ಯಾರ್ಥಿಯು ಕೈ ತೂರಿಸಿ ಅದರ ಟೋಪಿಯಲ್ಲಿ ಬೆರಳಿಡುತ್ತಾನೆ. ಶ್ರೋಣಿಯ ಎಲುಬಿನ ಅಂಚು ಗಡುಸಾಗಿ ತಾಗುತ್ತದೆ. ಗರ್ಭಕೋಶದ ಕೊರಳು, ಕೊಂಬುಗಳು, ಅಂಡಾಶಯಗಳು ತಮ್ಮ ತಮ್ಮ ಮೆದುತನದಿಂದ ತಮ್ಮ ಗುರುತು ಹೇಳುತ್ತವೆ. ಇದೆಲ್ಲದರ ಚಿತ್ರ ಬದಿಯ ಪರದೆಯ ಮೇಲೆ ಮೂಡಿ, ಬೆರಳು ಎಲ್ಲಿದೆಯೆಂಬುದನ್ನು ಚುಕ್ಕೆಯೊಂದು ತೋರಿಸುತ್ತಿರುತ್ತದೆ. ಗುರುಗಳು ಅದನ್ನು ನೋಡುತ್ತ “ತುಸು ಎಡಕ್ಕೆ, ಈಗ ಕೆಳಗೆ, ಅಲ್ಲಿ ಮೆಲ್ಲಗೆ ಒತ್ತು” ಎಂದು ಹೇಳಬಲ್ಲರು. ಗುರುವಿಗೆ ಶಿಷ್ಯನ ಕೈ ಮೊದಲ ಬಾರಿಗೆ ಕಾಣಿಸುವುದೇ ಈ ವ್ಯವಸ್ಥೆಯ ದೊಡ್ಡ ಉಪಕಾರ.

ಅದು ಒಂದೇ ಹಸುವೂ ಅಲ್ಲ. ಅಂಕಿಗಳನ್ನು ಬದಲಿಸಿದರೆ ಗಬ್ಬವಿಲ್ಲದ ಹಸು. ಮತ್ತೆ ಬದಲಿಸಿದರೆ ಗಬ್ಬವಾದ ಹಸು, ಅದರಲ್ಲೂ ಬೇರೆ ಬೇರೆ ತಿಂಗಳಿನದು. ಇದರಲ್ಲಿ ಅಭ್ಯಾಸ ಮಾಡಿದ ವಿದ್ಯಾರ್ಥಿಗಳು, ಮಾಡದವರಿಗಿಂತ ನಿಜವಾದ ಹಸುಗಳಲ್ಲಿ ಗರ್ಭಕೋಶವನ್ನು ಹುಡುಕುವುದರಲ್ಲಿ ಹೆಚ್ಚು ಯಶಸ್ವಿಯಾದರೆಂದು ಪರೀಕ್ಷೆಯಿಂದ ತಿಳಿದುಬಂದಿತು. ನಮ್ಮ ನೆರೆಯ ಅಥಣಿ ತಾಲೂಕಿನ ಕೊಕಟನೂರಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೊಂದು ತಲೆಯೆತ್ತಿರುವ ಈ ಕಾಲದಲ್ಲಿ ಇಂಥ ಸಾಧನಗಳ ವಿಚಾರ ನಮಗೆ ಪರದೇಶದ ಸುದ್ದಿಯಾಗಿ ಉಳಿಯಬೇಕಾಗಿಲ್ಲ.

ಬೆಂಗಳೂರಿನ ಪ್ರಯತ್ನ

ಮನುಷ್ಯರ ವಿಷಯದಲ್ಲಿ ಈ ವಿದ್ಯೆಗೆ ನಮ್ಮ ರಾಜ್ಯದಲ್ಲಿಯೇ ಒಳ್ಳೆಯ ಉದಾಹರಣೆಯಿದೆ. ಬಾಯಿಯಿಂದಲೋ ಗುದದಿಂದಲೋ ಬಳುಕುವ ನಳಿಗೆಯನ್ನು ಇಳಿಸಿ ಜಠರ, ಕರುಳುಗಳ ಒಳಭಾಗವನ್ನು ನೋಡುವ ಎಂಡೋಸ್ಕೋಪಿ ಇಂದು ಸಾಮಾನ್ಯವಾದ ಪರೀಕ್ಷೆ. ನಳಿಗೆಯ ತುದಿಯ ಕ್ಯಾಮೆರಾ ಮುಂದಿನ ದಾರಿಯನ್ನು ತೋರಿಸುತ್ತದೆ; ಆದರೆ ನಳಿಗೆಯು ಹಿಂದೆಲ್ಲೋ ಸುರುಳಿಯಾಗಿ ಕರುಳಿನ ಗೋಡೆಯನ್ನು ಹಿಗ್ಗಿಸುತ್ತಿದ್ದರೆ ಕ್ಯಾಮೆರಾಕ್ಕೆ ಕಾಣಿಸದು. ಅದನ್ನು ಹೇಳುವುದು ಕೈಗೆ ತಿಳಿಯುವ ಬಿಗಿತ. ಆ ಬಿಗಿತವನ್ನರಿಯದೆ ತಳ್ಳಿದವನು ಕರುಳಿಗೆ ತೂತು ಮಾಡಿಯಾನು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಜಿ. ಕೆ. ಅನಂತಸುರೇಶರೂ ಅವರ ಶಿಷ್ಯರೂ ಈ ಬಿಗಿತವನ್ನು ಕಲಿಸುವ ಯಂತ್ರಕ್ಕಾಗಿ ಶ್ರಮಿಸಿದರು. ಅಭ್ಯಾಸಿಯು ನಳಿಗೆಯನ್ನು ಯಂತ್ರದೊಳಕ್ಕೆ ತಳ್ಳುತ್ತಾನೆ. ಯಂತ್ರವು ಅದನ್ನು ಹಿಡಿದು, ತಡೆದು, ಕರುಳಿನ ಪ್ರತಿರೋಧವನ್ನು ಅವನ ಕೈಗೆ ಮುಟ್ಟಿಸುತ್ತದೆ. ಪರದೆಯ ಮೇಲೆ ಒಳಮೈಯ ದೃಶ್ಯ ಸಾಗುತ್ತದೆ. ಈ ಕೆಲಸದ ವಿವರ 2014ರಲ್ಲಿ ವಿದ್ವತ್ ಸಮ್ಮೇಳನದಲ್ಲಿ ಪ್ರಕಟವಾಯಿತು. ಮುಂದೆ ಅದು ‘ಮಿಮಿಕ್’ ಎಂಬ ಹೆಸರಿನ ಉದ್ಯಮವಾಗಿ ಅದೇ ಸಂಸ್ಥೆಯ ಆಶ್ರಯದಲ್ಲಿ ಬೆಳೆಯಿತು.

ಯಂತ್ರಕ್ಕೂ ಮಿತಿಯುಂಟು

ಇಷ್ಟು ಹೇಳಿದ ಮೇಲೆ ಯಂತ್ರದ ಪಕ್ಷಪಾತಿಯಾಗಿ ಮಾತು ಮುಗಿಸಿದರೆ ನ್ಯಾಯವಾಗದು. ಮೊದಲನೆಯದಾಗಿ, ಸ್ಪರ್ಶವಿಲ್ಲದೆಯೂ ಬಹಳಷ್ಟನ್ನು ಕಲಿಸಬಹುದು. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 16 ಮಂದಿ ಕಿರಿಯ ಶಸ್ತ್ರವೈದ್ಯರ ಮೇಲೆ ನಡೆದ ಪರೀಕ್ಷೆ ಪ್ರಸಿದ್ಧವಾದುದು. ಅರ್ಧದಷ್ಟು ಜನ ಕಲ್ಪಿತ ದೃಶ್ಯದ ಯಂತ್ರದಲ್ಲಿ ಅಭ್ಯಾಸ ಮಾಡಿ ಬಂದು ಪಿತ್ತಕೋಶದ ಶಸ್ತ್ರಕ್ರಿಯೆಗೆ ನಿಂತರು. ಅವರ ಕೆಲಸ ಶೇಕಡಾ 29ರಷ್ಟು ಬೇಗ ಮುಗಿಯಿತು. ಅಭ್ಯಾಸವಿಲ್ಲದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇರೆ ಭಾಗವನ್ನು ಸುಡುವ ಸಂಭವ ಐದು ಪಟ್ಟು ಹೆಚ್ಚಾಗಿತ್ತು. ಆದರೆ ಆ ಯಂತ್ರದಲ್ಲಿ ಸ್ಪರ್ಶದ ಏರ್ಪಾಡೇ ಇರಲಿಲ್ಲ! ‘ಡಾ ವಿಂಚಿ’ ಎಂಬ ಹೆಸರಾಂತ ಶಸ್ತ್ರಕ್ರಿಯಾ ಯಂತ್ರಕ್ಕೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 2000ದಲ್ಲಿ; ಬಲದ ಅರಿವನ್ನು ವೈದ್ಯನ ಕೈಗೆ ಮುಟ್ಟಿಸುವ ಅದರ ಐದನೆಯ ಪೀಳಿಗೆ ಬಂದದ್ದು 2024ರಲ್ಲಿ. ನಡುವಿನ ವರ್ಷಗಳಲ್ಲಿ ವೈದ್ಯರು ಅಂಗಾಂಶ ಹಿಗ್ಗುವುದನ್ನು ಕಣ್ಣಿನಿಂದ ನೋಡಿಯೇ ಬಲವನ್ನು ಊಹಿಸಿಕೊಂಡರು. ಆದ್ದರಿಂದ ಎಲ್ಲ ವಿದ್ಯೆಗೂ ಸ್ಪರ್ಶಯಂತ್ರ ಬೇಕೆನ್ನಲಾಗದು. ಕಣ್ಣಿಗೆ ಕಾಣದೆ ಕೈಗೆ ಮಾತ್ರ ತಿಳಿಯುವ ಕೆಲಸಕ್ಕೆ ಅದು ತಕ್ಕದ್ದು.

ಎರಡನೆಯದಾಗಿ, ತಪ್ಪು ಸ್ಪರ್ಶವನ್ನು ಕಲಿಸುವುದಕ್ಕಿಂತ ಏನನ್ನೂ ಕಲಿಸದಿರುವುದು ಲೇಸು. ಅಂಕಿಗಳು ನಿಜವಾದ ಅಂಗವನ್ನು ಹೋಲದಿದ್ದರೆ ಕೈಗೆ ಸುಳ್ಳು ಪಾಠವೇ ರೂಢಿಯಾಗುತ್ತದೆ. ಒಂದೇ ಬೆರಳಿನ ಟೋಪಿಯಲ್ಲಿ ಅಂಗೈಯ ಹರವಿಲ್ಲ, ಮೈಯ ಬಿಸಿಯಿಲ್ಲ. ಗಾಜುನಾರಿನ ಹಸು ಒದೆಯುವುದೂ ಇಲ್ಲ. ಇದನ್ನು ಬಲ್ಲ ಗುರುಗಳು ಯಂತ್ರವನ್ನು ಮೊದಲ ಮೆಟ್ಟಿಲೆಂದು ಕಾಣುವರೇ ಹೊರತು ಮನೆಯೆಂದಲ್ಲ.

ಮೂರನೆಯದು ಹಣದ ಮಾತು. ನಮ್ಮ ದೇಶದ ವೈದ್ಯಕೀಯ ಕಾಲೇಜುಗಳಲ್ಲಿ ಕೌಶಲ ಪ್ರಯೋಗಾಲಯ ಇರಲೇಬೇಕೆಂದು 2019ರ ಹೊಸ ಪಠ್ಯಕ್ರಮದೊಡನೆ ವಿಧಿಯಾಯಿತು. ಅದು ಸಂತೋಷದ ಸಂಗತಿ. ಆದರೆ ಸ್ಪರ್ಶ ಕೊಡುವ ಯಂತ್ರ ದುಬಾರಿಯಾದುದು. ಸಿರಿವಂತ ಸಂಸ್ಥೆಗಳಲ್ಲಿ ಮಾತ್ರ ಉಳಿದುಬಿಡುವ ಭಯ ಇದ್ದೇ ಇದೆ.

ಈ ಭಯವನ್ನು ಹಗುರವಾಗಿ ಕಾಣಲಾಗದು. ರಾಯಬಾಗದವರು ದೊಡ್ಡ ಕಾಯಿಲೆಯಾದರೆ ರೈಲು ಹತ್ತಿ ಮಿರಜಿಗೋ ಬೆಳಗಾವಿಗೋ ಹೋಗುವವರು. ಹಣವುಳ್ಳವನು ಹೆಸರಾಂತ ವೈದ್ಯರ ಪಳಗಿದ ಕೈಯನ್ನೇ ಕೇಳಿ ಪಡೆದಾನು. ಕೇಳುವ ಶಕ್ತಿಯಿಲ್ಲದವನಿಗೆ ಅಂದು ಯಾರು ಇದ್ದರೋ ಅವರೇ ಗತಿ. ಹೊಸಬರು ಕಲಿಯಲೇಬೇಕು, ಕಲಿಯದಿದ್ದರೆ ನಾಳೆ ಪಳಗಿದ ಕೈ ಎಲ್ಲಿಂದ ಬರಬೇಕು? ಆದರೆ ಆ ಕಲಿಕೆಯ ಬೆಲೆಯನ್ನು ಇದುವರೆಗೆ ತೆತ್ತವರಲ್ಲಿ ಬಡವರೂ ಮೂಕಪ್ರಾಣಿಗಳೂ ಹೆಚ್ಚು. ಅವರ ಹೆಸರು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಅವರ ಭಾರವನ್ನು ಸ್ವಲ್ಪವಾದರೂ ಇಳಿಸಿಕೊಳ್ಳಬಲ್ಲದು ಎಂಬುದರಿಂದಲೇ ಈ ಯಂತ್ರ ನಮ್ಮ ಗಮನಕ್ಕೆ ಯೋಗ್ಯವಾಗಿದೆ.

ನಾಳೆ ಆ ಕೊಟ್ಟಿಗೆಗೆ ಬರುವ ಯುವಕ ವೈದ್ಯನು ಗಾಜುನಾರಿನ ಹಸುವಿನಲ್ಲಿ ಹತ್ತಾರು ಬಾರಿ ತಪ್ಪಿ, ತಿದ್ದಿಕೊಂಡು ಬಂದವನಾಗಿದ್ದರೆ, ಎಮ್ಮೆ ಅಷ್ಟು ಹೊತ್ತು ನಿಲ್ಲಬೇಕಾಗದು. ಆಯಿಯೂ ಅಷ್ಟು ಹೊತ್ತು ಕಾಯಬೇಕಾಗದು. “ಐತ್ರಿ ಆಯಿ” ಎಂದು ಅವನು ಹೇಳಿದಾಗ, ಆ ಮಾತನ್ನು ನಂಬಿ ಮನೆಯವರು ನೆಮ್ಮದಿಯಿಂದ ಮುಂದಿನ ತಿಂಗಳುಗಳ ಮೇವಿನ ಲೆಕ್ಕ ಹಾಕಬಹುದು.